ಹೋಲಿಕೆ ಮುರಿದ ಜಾಗ: ಪೀಣ್ಯದ ಒಂದು ಕಂಪ್ಯೂಟರ್ ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಪೀಣ್ಯದ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಗೆ ಕಂಪ್ಯೂಟರ್ ಪಾಠ ಮಾಡಿದೆ. ವಿಷಯ: ಇಡೀ ಪುಟವನ್ನು ಮತ್ತೆ ಲೋಡ್ ಮಾಡದೆ ಪರದೆಯ ಒಂದು ಘಟಕವನ್ನಷ್ಟೇ ಬದಲಿಸುವುದು. ಇವಾನ್ ಯೂ 2014ರಲ್ಲಿ ಬಿಡುಗಡೆ ಮಾಡಿದ ‘ವ್ಯೂ’ ಫ್ರೇಮ್‌ವರ್ಕ್‌ನಲ್ಲಿ ಇದಕ್ಕಾಗಿಯೇ ‘ಕಾಂಪೊನೆಂಟ್’ ಎಂಬ ಟ್ಯಾಗ್ ಇದೆ. ಅದರ ‘ಈಸ್’ಗೆ ಯಾವ ಘಟಕದ ಹೆಸರು ಕೊಟ್ಟರೂ ಆ ಘಟಕ ಅಲ್ಲಿ ಬಂದು ಕೂರುತ್ತದೆ.

ಮಕ್ಕಳಲ್ಲಿ ಹಲವರ ತಂದೆಯರು ಸಿಎನ್‌ಸಿ ಯಂತ್ರ ನಡೆಸುವವರು. ಹಾಗಾಗಿ ಹಲವು ಟೂಲ್‌ಗಳನ್ನು ಹಿಡಿದು ತಿರುಗುವ ಟರೆಟ್‌ನ ಹೋಲಿಕೆ ಕೊಟ್ಟೆ: ಯಂತ್ರ ಅದೇ, ಟೂಲ್ ಮಾತ್ರ ಬೇರೆ. ತರಗತಿ ತಲೆಯಾಡಿಸಿತು.

ಪ್ರಾತ್ಯಕ್ಷಿಕೆಯಲ್ಲಿ ಒಬ್ಬ ವಿದ್ಯಾರ್ಥಿನಿ ‘ಪರಿಚಯ’ ಘಟಕದಲ್ಲಿ ತನ್ನ ಹೆಸರು ಟೈಪ್ ಮಾಡಿ, ‘ಅಂಕ’ ಗುಂಡಿ ಒತ್ತಿ, ಮತ್ತೆ ‘ಪರಿಚಯ’ಕ್ಕೆ ಬಂದಳು. ಹೆಸರು ಇರಲಿಲ್ಲ.

“ಸರ್, ಟರೆಟ್ ತಿರುಗಿ ಬಂದ್ರೆ ಅದೇ ಟೂಲ್ ಇರುತ್ತಲ್ವಾ? ಇಲ್ಲಿ ಯಾಕೆ ಹೊಸದು ಬಂತು?”

ಆ ಗಳಿಗೆಯಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ತಪ್ಪು ನನ್ನ ಹೋಲಿಕೆಯದು. ಟರೆಟ್ ಹಳೆಯ ಟೂಲನ್ನು ಪಕ್ಕಕ್ಕೆ ಸರಿಸುತ್ತದೆ, ಅಷ್ಟೆ. ವ್ಯೂ ಹಳೆಯ ಘಟಕವನ್ನು ಕಳಚಿ ಇಲ್ಲವಾಗಿಸುತ್ತದೆ. ಮರಳಿದಾಗ ಹೊಸದಾಗಿ ಕಟ್ಟುತ್ತದೆ. ಅದರೊಳಗಿನ ಮಾಹಿತಿಯೂ ಅದರೊಂದಿಗೇ ಹೋಗುತ್ತದೆ. ‘ಕೀಪ್-ಅಲೈವ್’ ಟ್ಯಾಗ್‌ನೊಳಗೆ ಇಟ್ಟರೆ ಘಟಕ ಮೆಮೊರಿಯಲ್ಲಿ ಉಳಿಯುತ್ತದೆ. ಮರುದಿನ ಎರಡೂ ಬಗೆಯನ್ನು ಅಕ್ಕಪಕ್ಕ ತೋರಿಸಿದೆ. ಎರಡನೆಯದರಲ್ಲಿ ಹೆಸರು ಉಳಿಯಿತು.

ಈಗ ನನ್ನ ಪಾಠಯೋಜನೆಯಲ್ಲಿ ಒಂದು ಅಂಕಣ ಹೆಚ್ಚಿದೆ: ‘ಹೋಲಿಕೆ ಎಲ್ಲಿ ಮುರಿಯುತ್ತದೆ?’ ತರಗತಿಗೆ ಹೋಗುವ ಮೊದಲೇ ಅದನ್ನು ತುಂಬುತ್ತೇನೆ.