ಕೊಳ್ಳೇಗಾಲಕ್ಕೊಂದು ಕಾನೂನು, ಯಳಂದೂರಿಗೊಂದು: ಸಲಿಂಗ ವಿವಾಹದ ಬಗ್ಗೆ ಊರ ಮಾತು ಮತ್ತು ಸತ್ಯ

ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹದ ಅರ್ಜಿಗಳ ಮೇಲೆ ತೀರ್ಪು ಕೊಟ್ಟಿತು. ನೂರಾರು ಪುಟಗಳ ತೀರ್ಪು. ಸುದ್ದಿ ವಾಹಿನಿಗಳಿಗೆ ಅಷ್ಟು ಪುಟ ಬೇಕಾಗಿರಲಿಲ್ಲ, ಎರಡು ಮೂರು ಪದ ಸಾಕಾದವು. ಆ ಎರಡು ಮೂರು ಪದ ಹನೂರು ದಾಟಿ ಹೂಗ್ಯಂನಂಥ ಕಾಡಂಚಿನ ಊರಿನ ಟೀ ಅಂಗಡಿಗೆ ಬರುವಷ್ಟರಲ್ಲಿ ಕೈಕಾಲು ಬೆಳೆದಿರುತ್ತವೆ. ಅಲ್ಲಿ ಕೇಳಿಬರುವ ಮಾತುಗಳಲ್ಲಿ ಕೆಲವನ್ನು ಎತ್ತಿಕೊಂಡು, ಕಾನೂನು ನಿಜಕ್ಕೂ ಏನು ಹೇಳುತ್ತದೆ ಎಂದು ನೋಡೋಣ. ಸಲಿಂಗ ವಿವಾಹ ಬೇಕೋ ಬೇಡವೋ ಎಂಬುದು ಅವರವರ ತೀರ್ಮಾನ. ಆದರೆ ಇಲ್ಲದ ಕಾನೂನನ್ನು ಇದೆಯೆಂದು ನಂಬಿ ಯಾರೂ ತೀರ್ಮಾನಕ್ಕೆ ಬರಬಾರದು.

"ಕೋರ್ಟೇ ಬೇಡ ಅಂದಿದೆ, ಇನ್ನು ಕೂಡಿ ಬಾಳಿದರೆ ಜೈಲೇ ಗತಿ"

ತಪ್ಪು. ಇಬ್ಬರು ವಯಸ್ಕ ಗಂಡಸರು ಅಥವಾ ಇಬ್ಬರು ವಯಸ್ಕ ಹೆಂಗಸರು ಒಪ್ಪಿ ಒಟ್ಟಿಗೆ ಬಾಳುವುದು ಅಪರಾಧವಲ್ಲ. 1860ರಲ್ಲಿ ಬ್ರಿಟಿಷರು ತಂದ ದಂಡಸಂಹಿತೆಯ 377ನೇ ಕಲಂ ಇಂಥವರ ದೈಹಿಕ ಸಂಬಂಧವನ್ನು ಅಪರಾಧ ಎನ್ನುತ್ತಿತ್ತು. 2009ರಲ್ಲಿ ದಿಲ್ಲಿ ಹೈಕೋರ್ಟ್ ಅದರ ಹಲ್ಲು ಕಿತ್ತಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಟ್ಟಿಕೊಟ್ಟಿತು, 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಅದೇ ಕೋರ್ಟ್ ವಯಸ್ಕರ ಒಪ್ಪಿತ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದುಹಾಕಿತು. ಆ ತೀರ್ಪಿಗೆ ನೆಲ ಹದ ಮಾಡಿಕೊಟ್ಟದ್ದು 2017ರ ಖಾಸಗಿತನದ ತೀರ್ಪು. ಅದರ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಕೋರ್ಟಿಗೆ ಹೋದದ್ದು ಆಧಾರ್ ವಿರುದ್ಧ, ಅದರ ಫಲ ಉಂಡವರಲ್ಲಿ ಸಲಿಂಗಿಗಳೂ ಸೇರಿದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ 377 ಇಲ್ಲವೇ ಇಲ್ಲ.

ಹಾಗಾದರೆ 2023ರಲ್ಲಿ ಕೋರ್ಟ್ ಏನು ಹೇಳಿತು? ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯನ್ನು ತಿದ್ದಿ ಬರೆಯುವುದು ನ್ಯಾಯಾಲಯದ ಕೆಲಸವಲ್ಲ, ಶಾಸನಸಭೆಯ ಕೆಲಸ ಎಂದು ಐವರೂ ಹೇಳಿದರು. ಮದುವೆಯಲ್ಲದಿದ್ದರೂ ಇಂಥ ಜೋಡಿಗಳ ಸಂಬಂಧಕ್ಕೆ ಬೇರೊಂದು ಕಾನೂನು ಮಾನ್ಯತೆ ಸಿಗಬೇಕೇ, ಅವರು ಜೊತೆಯಾಗಿ ಮಗುವನ್ನು ದತ್ತು ಪಡೆಯಬಹುದೇ ಎಂಬಲ್ಲಿ ಪೀಠ ಒಡೆಯಿತು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಸಂಜಯ್ ಕಿಶನ್ ಕೌಲ್ ಹೌದೆಂದರು. ರವೀಂದ್ರ ಭಟ್, ಹಿಮಾ ಕೊಹ್ಲಿ, ಪಿ.ಎಸ್. ನರಸಿಂಹ ಇಲ್ಲವೆಂದರು. ಮೂವರ ಮಾತೇ ತೀರ್ಪಾಯಿತು. ಮರುಪರಿಶೀಲನೆಯ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು.

ಗುಡಿಯಲ್ಲಿ ಹಾರ ಬದಲಿಸಿಕೊಂಡರೆ ಪೊಲೀಸರು ಹಿಡಿಯುವಂತಿಲ್ಲ. ಆ ಹಾರಕ್ಕೆ ಕಚೇರಿಯಲ್ಲಿ ಬೆಲೆಯಿಲ್ಲ, ಅಷ್ಟೆ. ಹದಿನೆಂಟು ತುಂಬಿದ ಮಗಳು ಗೆಳತಿಯೊಡನೆ ಹೋದಳೆಂದು ಠಾಣೆಯಲ್ಲಿ ನಾಪತ್ತೆ ದೂರು ಕೊಟ್ಟರೂ, ಕೊನೆಗೆ ನಡೆಯುವುದು ಅವಳ ಮಾತೇ. ಇಂಥ ಪ್ರಕರಣಗಳಲ್ಲಿ ಮನೆಯವರ ಕಡೆಗೆ ಒಲಿಸಲೆಂದು ಕೌನ್ಸೆಲಿಂಗಿಗೆ ಕಳಿಸಕೂಡದು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಹೈಕೋರ್ಟುಗಳಿಗೇ ತಾಕೀತು ಮಾಡಿದೆ.

"ಇದು ಬೆಂಗಳೂರಿನ ಇಂಗ್ಲಿಷ್ ಓದಿದವರ ಕಾಯಿಲೆ"

ಈ ಮಾತಿನಲ್ಲಿ ಎರಡು ತಪ್ಪು ಒಟ್ಟಿಗೇ ಇವೆ. ಮೊದಲನೆಯದನ್ನು ಕೇಂದ್ರ ಸರ್ಕಾರವೇ ಕೋರ್ಟಿನ ಮುಂದೆ ಹೇಳಿತ್ತು, ಅರ್ಜಿದಾರರದು ನಗರದ ಮೇಲ್ವರ್ಗದವರ ನಿಲುವು ಎಂದು. ಚಂದ್ರಚೂಡ್ ತಮ್ಮ ತೀರ್ಪಿನಲ್ಲಿ ಅದನ್ನು ನೇರವಾಗಿ ತಳ್ಳಿಹಾಕಿ, ಹಳ್ಳಿಯ ಹೊಲದಲ್ಲಿ ದುಡಿಯುವ ಹೆಂಗಸಿಗೂ ಇದು ಸಲ್ಲುವ ಮಾತು ಎಂದರು. 1987ರಲ್ಲಿ ಮಧ್ಯಪ್ರದೇಶದ ಇಬ್ಬರು ಮಹಿಳಾ ಕಾನ್‌ಸ್ಟೇಬಲ್‌ಗಳು ಪರಸ್ಪರ ಮದುವೆಯಾಗಿ ನೌಕರಿ ಕಳೆದುಕೊಂಡರು. ಇಂಟರ್ನೆಟ್ಟಿಲ್ಲ, ಮೊಬೈಲಿಲ್ಲ, ಬೆಂಗಳೂರಂತೂ ದೂರದ ಮಾತು. ಹಳ್ಳಿಯಲ್ಲಿ ಇಂಥವರು ಕಾಣುವುದಿಲ್ಲ ಎಂದರೆ ಇಲ್ಲವೆಂದಲ್ಲ. ಹೇಳಿಕೊಂಡರೆ ಉಳಿಗಾಲವಿಲ್ಲವೆಂದು ಅವರಿಗೆ ಗೊತ್ತು.

ಎರಡನೆಯದು ಕಾಯಿಲೆ ಎಂಬ ಮಾತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆಯಲ್ಲವೆಂದು ಸಾರಿತು. "ಸರಿಪಡಿಸುತ್ತೇವೆ" ಎಂದು ಚಿಕಿತ್ಸೆ ಕೊಡುವುದು ವೃತ್ತಿಗೆ ದ್ರೋಹವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಕೊಳ್ಳೇಗಾಲದ ಮಂತ್ರವಾದಿಗಳ ಹೆಸರು ರಾಜ್ಯಕ್ಕೆಲ್ಲ ಗೊತ್ತು. ಇದಕ್ಕೆ ಕಟ್ಟುವ ತಾಯತ ಅವರಲ್ಲೂ ಇಲ್ಲ, ಬರೆಯುವ ಮಾತ್ರೆ ಡಾಕ್ಟರಲ್ಲೂ ಇಲ್ಲ. "ಮದುವೆ ಮಾಡಿಬಿಡಿ, ಎಲ್ಲ ಸರಿಹೋಗುತ್ತೆ" ಎನ್ನುವ ಮನೆಮದ್ದು ಮಾತ್ರ ಎಲ್ಲರ ಬಳಿಯೂ ಇದೆ. ಎಲ್ಲಕ್ಕಿಂತ ಕೆಟ್ಟ ಮದ್ದು ಅದೇ. ಏನೂ ಅರಿಯದೆ ಬಂದ ಸೊಸೆಯ ಬದುಕೂ ಅದರಲ್ಲಿ ಹಾಳು.

"ಮದುವೆಯ ಕಟ್ಟಳೆ ಅನಾದಿ, ಸರ್ಕಾರ ಕೈಹಾಕಬಾರದು"

ಈ ಮಾತನ್ನು ಕೊಳ್ಳೇಗಾಲ, ಹನೂರು, ಯಳಂದೂರಿನವರು ಹೇಳುವಾಗ ನನಗೆ ಸ್ವಲ್ಪ ನಗು ಬರುತ್ತದೆ. ರಾಜ್ಯದಲ್ಲಿ ಯಾರು ಹೇಳಿದರೂ ಇವರು ಹೇಳಬಾರದು.

ಹನೂರನ್ನು ಒಳಗೊಂಡ ಹಳೆಯ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದದ್ದು, ಮೈಸೂರು ಸಂಸ್ಥಾನದಲ್ಲಿತ್ತು. ಹೆಣ್ಣು ಕೊಟ್ಟು ತಂದು ಮಾಡುವ ಬೀಗರ ಊರುಗಳು, ಆದರೆ ಮದುವೆ ಮತ್ತು ಆಸ್ತಿಯ ಕಾನೂನು ಬೇರೆ ಬೇರೆ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆ ಮಾಡಿ, ಒಟ್ಟು ಕುಟುಂಬ ಪಾಲಾಗುವಾಗ ವಿಧವೆಗೂ ಮದುವೆಯಾಗದ ಮಗಳಿಗೂ ಪಾಲು ಕೊಟ್ಟಿತು. ಅದೇ ವರ್ಷ ಕೊಳ್ಳೇಗಾಲದ ವಿಧವೆಗೆ ಆ ಹಕ್ಕಿರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ 1937ರಲ್ಲಿ ಸಿಕ್ಕಿದ್ದು ಬದುಕಿರುವವರೆಗಿನ ಅರೆಹಕ್ಕು.

ಮುಂದೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಮದ್ರಾಸ್ ಪ್ರಾಂತ 1949ರಲ್ಲಿ ಕಾಯ್ದೆ ಮಾಡಿ ಹಿಂದೂಗಳಲ್ಲಿ ಹೆಂಡತಿ ಇರುವಾಗಲೇ ಇನ್ನೊಂದು ಮದುವೆಯಾಗುವುದನ್ನು ನಿಲ್ಲಿಸಿತು, ವಿಚ್ಛೇದನಕ್ಕೂ ದಾರಿ ಮಾಡಿತು. ಕೊಳ್ಳೇಗಾಲದವನಿಗೆ ಎರಡನೆಯ ಮದುವೆ ನಿಷಿದ್ಧ, ಯಳಂದೂರಿನವನಿಗೆ ನಿಷಿದ್ಧವಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಬಂದ ಮೇಲೆಯೇ ಇಬ್ಬರೂ ಒಂದೇ ಕಟ್ಟಳೆಗೆ ಬಂದದ್ದು. ಇನ್ನೂ ಒಂದಿದೆ. 1967ರಲ್ಲಿ ಮದ್ರಾಸ್ ಶಾಸನಸಭೆ ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ತಂದು, ಪುರೋಹಿತರಿಲ್ಲದೆ ಹಾರ ಬದಲಿಸಿ ಆಗುವ ಸ್ವಾಭಿಮಾನ ವಿವಾಹವನ್ನು ಸಿಂಧುಗೊಳಿಸಿತು. ಕೊಳ್ಳೇಗಾಲ ಹನ್ನೊಂದು ವರ್ಷದ ಹಿಂದೆಯೇ ಈಚೆ ಬಂದಿತ್ತು. ಅಲ್ಲೇ ಉಳಿದಿದ್ದರೆ ಇಲ್ಲಿಗೂ ಅದೇ ಕಾನೂನು.

ಒಂದೇ ಬಳಗದ ಎರಡು ಮನೆಗೆ ಎರಡು ಮದುವೆ ಕಾನೂನು ಇದ್ದದ್ದನ್ನು ಈ ಮೂರು ತಾಲ್ಲೂಕಿನ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಕಟ್ಟಳೆ ಬದಲಾಗುವುದು ಸರಿಯೋ ತಪ್ಪೋ ಎಂದು ಜಗಳವಾಡಬಹುದು. ಬದಲಾಗಿಯೇ ಇಲ್ಲ ಎಂದು ವಾದಿಸುವುದು ಆಗದ ಮಾತು.

"ನಾಳೆ ಪೂಜಾರಿಗಳ ಕೈಲೇ ಮಾಡಿಸುತ್ತಾರೆ, ನಾಡಿದ್ದು ಅಣ್ಣ ತಂಗಿಗೂ ಕೇಳುತ್ತಾರೆ"

ಕೋರ್ಟಿನಲ್ಲಿ ವಾದ ನಡೆದದ್ದು ವಿಶೇಷ ವಿವಾಹ ಕಾಯ್ದೆಯ ಸುತ್ತ. ಧರ್ಮಗಳ ವೈಯಕ್ತಿಕ ಕಾನೂನಿಗೆ ಕೈಹಾಕುವುದಿಲ್ಲವೆಂದು ವಿಚಾರಣೆಯ ಮೊದಲ ದಿನ, 2023ರ ಏಪ್ರಿಲ್ 18ರಂದೇ, ಪೀಠ ಹೇಳಿತ್ತು. 1954ರ ಆ ಕಾಯ್ದೆಯ ಮದುವೆಗೆ ಮಾದಪ್ಪನ ಬೆಟ್ಟವೂ ಬೇಡ, ಚರ್ಚೂ ಬೇಡ. ಮೂವತ್ತು ದಿನದ ನೋಟಿಸು, ಮೂವರು ಸಾಕ್ಷಿ, ವಿವಾಹಾಧಿಕಾರಿಯ ಮುಂದೆ ಸಹಿ. ರಕ್ತಸಂಬಂಧದ ಆತಂಕವನ್ನು ಕೇಂದ್ರದ ಪರ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ಎತ್ತಿದ್ದರು. ಅದಕ್ಕೆ ಕಾಯ್ದೆಯಲ್ಲೇ ನಿಷಿದ್ಧ ಸಂಬಂಧಗಳ ಪಟ್ಟಿಯಿದೆ. ಗಂಡು ಹೆಣ್ಣಿಗೆ ಇರುವ ಬೇಲಿ ಉಳಿದವರಿಗೂ ಇರುತ್ತದೆ. ಅಂದಹಾಗೆ, ಅಕ್ಕನ ಮಗಳನ್ನು ಸೋದರಮಾವ ಮದುವೆಯಾಗುವುದು ನಮ್ಮ ಕಡೆ ಸಂಭ್ರಮ, ಉತ್ತರದ ಬಹುಪಾಲು ಹಿಂದೂಗಳಿಗೆ ಕಿವಿ ಮುಚ್ಚಿಕೊಳ್ಳುವ ವಿಷಯ. ಹಿಂದೂ ವಿವಾಹ ಕಾಯ್ದೆ ನಮ್ಮ ರೂಢಿಗೆ ಜಾಗ ಬಿಟ್ಟಿದ್ದರಿಂದ ಅದು ಉಳಿಯಿತು.

ವಿರೋಧಿಸುವವರ ಮಾತೆಲ್ಲ ಪೊಳ್ಳು ಎಂದು ನಾನು ಹೇಳುತ್ತಿಲ್ಲ. ಗಟ್ಟಿಯಾದ ಒಂದು ವಾದ ಇದೆ. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯ ವಯಸ್ಸು ಗಂಡಿಗೆ 21, ಹೆಣ್ಣಿಗೆ 18 ಎಂದಿದೆ. ಜೀವನಾಂಶ ಕೇಳುವ ಹಕ್ಕು ಹೆಂಡತಿಗೆ, ಅವಳಿಗಷ್ಟೇ ಇರುವ ವಿಚ್ಛೇದನದ ಕಾರಣಗಳೂ ಇವೆ. ಒಂದು ಪದ ತೆಗೆದು ಇನ್ನೊಂದು ಹಾಕಿದರೆ ಹೆಂಗಸರಿಗೆಂದು ಕಟ್ಟಿದ ರಕ್ಷಣೆ ಸಡಿಲವಾಗುತ್ತದೆ, ಅಲ್ಲಿಂದ ಉತ್ತರಾಧಿಕಾರದ ಕಾನೂನಿನವರೆಗೂ ತಿದ್ದಬೇಕಾಗುತ್ತದೆ. ಕೋರ್ಟ್ ಹಿಂದೆ ಸರಿಯಲು ಇದೂ ಕಾರಣ. ಇದಕ್ಕೆ ಉತ್ತರ ಕೊಡಬೇಕಾದವರು ಕಾನೂನು ಬರೆಯುವವರು.

"ಮಂಗಳಮುಖಿಯರದೂ ಇದೂ ಒಂದೇ"

ಒಂದೇ ಅಲ್ಲ. ತಾನು ಗಂಡೋ ಹೆಣ್ಣೋ ಎಂಬುದು ಒಂದು ವಿಷಯ, ಮನಸ್ಸು ಯಾರ ಕಡೆಗೆ ಎಂಬುದು ಇನ್ನೊಂದು. ಕಾನೂನೂ ಬೇರೆ. ಸುಪ್ರೀಂ ಕೋರ್ಟಿನ 2014ರ ಏಪ್ರಿಲ್ 15ರ ತೀರ್ಪು ಲಿಂಗತ್ವ ಅಲ್ಪಸಂಖ್ಯಾತರ ಗುರುತನ್ನು ಒಪ್ಪಿತು. ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಆ ಸಮುದಾಯದವರು. ಬೆಂಗಳೂರಿನ ಅಕ್ಕೈ ಪದ್ಮಶಾಲಿಯೂ ಅದೇ ಸಮುದಾಯದವರು. 377ರ ಪ್ರಕರಣದಲ್ಲೂ ಮದುವೆಯ ಪ್ರಕರಣದಲ್ಲೂ ಅಕ್ಕೈ ಅರ್ಜಿದಾರರಾಗಿದ್ದರು. ಪಾಲಾರ್ ದಾಟಿದರೆ ಸಿಗುವ ತಮಿಳುನಾಡಿನಲ್ಲಿ, ಲಿಂಗಪರಿವರ್ತಿತ ಹೆಣ್ಣುಮಗಳೂ ಹಿಂದೂ ವಿವಾಹ ಕಾಯ್ದೆಯ "ವಧು"ವೇ ಎಂದು ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ 2019ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. 2023ರಲ್ಲಿ ಸುಪ್ರೀಂ ಕೋರ್ಟಿನ ಐವರೂ ಒಪ್ಪಿದ್ದು ಇದನ್ನೇ: ಗಂಡು ಹೆಣ್ಣಿನ ಜೋಡಿಯಲ್ಲಿ ಒಬ್ಬರು ಲಿಂಗಪರಿವರ್ತಿತರಾಗಿದ್ದರೆ ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು.

"ಬ್ಯಾಂಕಿನಲ್ಲಿ ನಾಮಿನಿ ಆಯ್ತಲ್ಲ, ಇನ್ನೇನು ಬೇಕು"

2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸ್ಪಷ್ಟನೆ ಕೊಟ್ಟದ್ದು ನಿಜ. ಇಂಥ ಜೋಡಿ ಜಂಟಿ ಖಾತೆ ತೆರೆಯಬಹುದು, ಒಬ್ಬರನ್ನೊಬ್ಬರು ನಾಮಿನಿ ಮಾಡಬಹುದು. ರೇಷನ್ ಕಾರ್ಡಿನಲ್ಲಿ ಅವರನ್ನು ಒಂದೇ ಮನೆಯವರೆಂದು ಪರಿಗಣಿಸಿ ಎಂದು ರಾಜ್ಯಗಳಿಗೂ ಪತ್ರ ಹೋಗಿದೆ. ಹತ್ತಿರದ ಬಂಧುಗಳು ಇಲ್ಲದಾಗ ಸಂಗಾತಿಯೇ ಶವ ಪಡೆಯಬಹುದೆಂಬ ಸೂಚನೆಯೂ ಇದೆ.

ಆದರೆ ನಾಮಿನಿ ಎಂದರೆ ವಾರಸುದಾರ ಅಲ್ಲ. ಗಂಡ ಹೆಂಡತಿಯೇ ಈ ವಿಷಯದಲ್ಲಿ ಎಡವುತ್ತಾರೆ. ಬ್ಯಾಂಕು ನಾಮಿನಿಯ ಕೈಗೆ ಹಣ ಕೊಡುತ್ತದೆ, ಅದರ ಮೇಲಿನ ಹಕ್ಕು ಕಾನೂನಿನ ವಾರಸುದಾರರದು. ಇಪ್ಪತ್ತು ವರ್ಷ ಜೊತೆಗೆ ದುಡಿದು ಕಟ್ಟಿದ ಮನೆಗೆ, ಒಬ್ಬರು ತೀರಿಕೊಂಡ ಮೇಲೆ, ಅವರ ಅಣ್ಣನ ಮಗ ಬಂದು ಬೀಗ ಹಾಕಬಹುದು. ಅದಕ್ಕೆ ಈಗಿರುವ ಉತ್ತರ ಉಯಿಲು. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಸಾಕು. ಆದರೂ ನೋಂದಾಯಿಸುವುದೇ ಮೇಲು, ದಾಯಾದಿಗಳು ಸುಮ್ಮನೆ ಬಿಡುವವರಲ್ಲ. ಉಯಿಲಿನಿಂದ ಸ್ವಯಾರ್ಜಿತ ಆಸ್ತಿ ಕೊಡಬಹುದು. ಅನುಕಂಪದ ನೌಕರಿ, ಕುಟುಂಬ ಪಿಂಚಣಿ ಇವೆಲ್ಲ ಉಯಿಲಿನಿಂದ ಬರುವುದಿಲ್ಲ. ದತ್ತುವಿನದೂ ಹಾಗೇ: ಒಂಟಿಯಾಗಿ ಪಡೆಯಬಹುದು, ಒಂಟಿ ಗಂಡಸಾದರೆ ಹೆಣ್ಣುಮಗು ಸಿಗದು, ಜೋಡಿಯಾಗಿ ಯಾವ ಮಗುವೂ ಸಿಗದು. ಹಾಗೆ ಬಂದ ಮಗುವಿಗೆ ಕಾನೂನಿನಲ್ಲಿ ಒಬ್ಬರೇ ಪೋಷಕರು.

"ದಿಲ್ಲಿಯವರು ಮಾಡಿದರೆ ಆಯ್ತು, ಇಲ್ಲದಿದ್ದರೆ ಇಲ್ಲ"

ನಮ್ಮ ರಾಜಕಾರಣಿಗಳಿಗೆ ಬಲು ಹಿತವಾದ ತಪ್ಪುಕಲ್ಪನೆ ಇದು. ಮದುವೆ, ವಿಚ್ಛೇದನ, ದತ್ತು, ಉತ್ತರಾಧಿಕಾರ ಎಲ್ಲವೂ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿವೆ. ಸಂಸತ್ತೂ ಕಾನೂನು ಮಾಡಬಹುದು, ವಿಧಾನಸಭೆಯೂ ಮಾಡಬಹುದು. ಕೇಂದ್ರದ ಕಾನೂನಿಗೆ ಎದುರು ಬಿದ್ದರೆ ರಾಷ್ಟ್ರಪತಿಗಳ ಅಂಕಿತ ಬೇಕು. ಕಷ್ಟ, ಆದರೆ ಆಗದ್ದೇನಲ್ಲ. ಮದ್ರಾಸಿನ 1967ರ ತಿದ್ದುಪಡಿ ಹಾಗೆ ಬಂದದ್ದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನನ್ನು ಕರ್ನಾಟಕ 1994ರಲ್ಲೇ ಮಾಡಿತು, ಕೇಂದ್ರ ಮಾಡಿದ್ದು 2005ರಲ್ಲಿ. ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿಯನ್ನು 2021ರಲ್ಲಿ ಮೊದಲು ತಂದದ್ದೂ ಕರ್ನಾಟಕವೇ.

ಸಂಸತ್ತಿನಲ್ಲಿ ನಡೆದದ್ದು ಹೆಚ್ಚೇನಿಲ್ಲ. ಸಂಸದೆ ಸುಪ್ರಿಯಾ ಸುಳೆ 2022ರ ಏಪ್ರಿಲ್‌ನಲ್ಲಿ ವಿಶೇಷ ವಿವಾಹ ಕಾಯ್ದೆ ತಿದ್ದುವ ಖಾಸಗಿ ಮಸೂದೆ ಮಂಡಿಸಿದರು. ಅದೇ ಡಿಸೆಂಬರ್‌ನಲ್ಲಿ ಸುಶೀಲ್ ಮೋದಿ ರಾಜ್ಯಸಭೆಯಲ್ಲಿ, ಇಂಥ ವಿಷಯವನ್ನು ಇಬ್ಬರು ನ್ಯಾಯಮೂರ್ತಿಗಳು ಕುಳಿತು ತೀರ್ಮಾನಿಸುವಂತಿಲ್ಲ ಎಂದರು. ಸುಳೆಯವರು ತಂದಂಥ ಖಾಸಗಿ ಮಸೂದೆಯೊಂದು ಕೊನೆಯ ಬಾರಿ ಕಾಯ್ದೆಯಾದದ್ದು 1970ರಲ್ಲಿ. ಇತ್ತ ನೇಪಾಳ 2023ರ ನವೆಂಬರ್‌ನಲ್ಲಿ ಇಂಥ ಮೊದಲ ಮದುವೆಯನ್ನು ನೋಂದಾಯಿಸಿತು, ಥಾಯ್ಲೆಂಡಿನ ಕಾನೂನು 2025ರ ಜನವರಿ 23ರಿಂದ ಜಾರಿಯಲ್ಲಿದೆ.

2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳ ಅಭಿಪ್ರಾಯ ಕೇಳಿತ್ತು. ಉತ್ತರ ಬರೆದದ್ದು ಏಳು ರಾಜ್ಯಗಳು. ರಾಜಸ್ಥಾನ, ಆಂಧ್ರ, ಅಸ್ಸಾಂ ಬೇಡವೆಂದವು, ಉಳಿದ ನಾಲ್ಕು ಕಾಲಾವಕಾಶ ಕೇಳಿದವು. ಚುನಾವಣೆಯ ಗಡಿಬಿಡಿಯಲ್ಲಿದ್ದ ಕರ್ನಾಟಕದ ಹೆಸರು ಆ ಏಳರಲ್ಲಿ ಇರಲಿಲ್ಲ. ಹನೂರಿಗೊಬ್ಬರು, ಕೊಳ್ಳೇಗಾಲ ಮತ್ತು ಯಳಂದೂರಿಗೆ ಸೇರಿ ಇನ್ನೊಬ್ಬರು ಶಾಸಕರಿದ್ದಾರೆ. ಮುಂದಿನ ಸಲ ಅವರು ಊರಿಗೆ ಬಂದಾಗ, ನೀವು ಪರವೇ ಇರಿ ವಿರೋಧವೇ ಇರಿ, ಈ ವಿಷಯದಲ್ಲಿ ಕರ್ನಾಟಕದ ನಿಲುವೇನು ಎಂದು ಕೇಳಿ.