ಮಾತನಾಡದ ಮಹಾಶಯ

ಚೌಕಳಿ ಕೋಟು, ಪಂಚೆ, ಮೂಗಿನ ಮೇಲೆ ಕನ್ನಡಕ, ಬೋಳುತಲೆಯ ಅಂಚಿನಲ್ಲಿ ಅಳಿದುಳಿದ ಕೂದಲು—ಈ ಮಹಾಶಯನನ್ನು ಅರಿಯದ ವಾಚಕರು ವಿರಳ. ಮಂತ್ರಿಗಳ ಸಭೆಗೂ ಆತ ಹಾಜರು, ಬಡವನ ಗುಡಿಸಲಿಗೂ ಹಾಜರು. ಆದರೆ ಬಾಯಿ ತೆರೆದವನೇ ಅಲ್ಲ. ಆತನ ಜನಕರಾದ ಆರ್. ಕೆ. ಲಕ್ಷ್ಮಣರಾದರೋ ಯಾರ ಅಪ್ಪಣೆಗೂ ತಲೆಬಾಗದ ಮೈಸೂರಿಗರು.

1921ರ ಅಕ್ಟೋಬರ್ 24ರಂದು ಜನಿಸಿದ ಲಕ್ಷ್ಮಣರಿಗೆ ತಂದೆ ಶಾಲೆಯ ಮುಖ್ಯೋಪಾಧ್ಯಾಯರು, ಕಾದಂಬರಿಕಾರ ಆರ್. ಕೆ. ನಾರಾಯಣ್ ಅಣ್ಣ. ತರಗತಿಯಲ್ಲಿ ಬರೆದ ಒಂದು ಅರಳಿ ಎಲೆಯನ್ನು ಉಪಾಧ್ಯಾಯರು ಮೆಚ್ಚಿಕೊಂಡರು. ಅಷ್ಟೇ ಸಾಕಾಯಿತು, ತಾನು ಚಿತ್ರಕಾರನೆಂದು ಹುಡುಗ ನಿಶ್ಚಯಿಸಿಕೊಂಡ. ಅವನ ಒಲವೆಲ್ಲ ಕಾಗೆಯ ಮೇಲೆ. ಊರೆಲ್ಲ ಹಳಿಯುವ ಆ ಹಕ್ಕಿಯ ಓರೆನೋಟದಲ್ಲಿ ಅವನು ಕಂಡ ಚೆಲುವು ಕಡೆಯವರೆಗೂ ಮಾಸಲಿಲ್ಲ. ಮುಂಬಯಿಯ ಜೆ. ಜೆ. ಕಲಾಶಾಲೆ ಮಾತ್ರ, ಪ್ರತಿಭೆ ಸಾಲದೆಂದು ಅರ್ಜಿಯನ್ನು ಹಿಂದಿರುಗಿಸಿತು. ಮುಂದೆ ಅದೇ ಶಾಲೆ ಅವರನ್ನು ಮುಖ್ಯ ಅತಿಥಿಯಾಗಿ ಕರೆದದ್ದುಂಟು!

ಲಕ್ಷ್ಮಣರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಅಣ್ಣನ ಕಥೆಗಳಿಗೆ ‘ಹಿಂದೂ’ ಪತ್ರಿಕೆಯಲ್ಲಿ ಚಿತ್ರ ಬರೆದರು, ಡಾ. ಎಂ. ಶಿವರಾಂ 1942ರಲ್ಲಿ ಸ್ಥಾಪಿಸಿದ ‘ಕೊರವಂಜಿ’ಯ ಪುಟಗಳಲ್ಲಿ ಕನ್ನಡಿಗರನ್ನು ನಗಿಸಿದರು. ಅನಂತರ ಮುಂಬಯಿ. ‘ಫ್ರೀ ಪ್ರೆಸ್ ಜರ್ನಲ್’ ಕಚೇರಿಯಲ್ಲಿ ಬಾಳ ಠಾಕರೆಯವರು ಅವರ ಸಹೋದ್ಯೋಗಿ. ಕೆಲಸ ಹಿತವಾಗಿಯೇ ಸಾಗಿತ್ತು. ಒಂದು ದಿನ ಮಾಲೀಕರಿಂದ ಅಪ್ಪಣೆಯಾಯಿತು: ಕಮ್ಯೂನಿಸ್ಟರನ್ನು ಇನ್ನು ಗೇಲಿ ಮಾಡಕೂಡದು. ಪರಊರು, ತರುಣ ವಯಸ್ಸು, ಕೈಯಲ್ಲಿ ಬೇರೆ ನೌಕರಿಯಿಲ್ಲ. ಆದರೂ ಲಕ್ಷ್ಮಣರು ಹೊರನಡೆದು, ವಿಕ್ಟೋರಿಯಾ ಗಾಡಿಯೇರಿ ನೇರವಾಗಿ ‘ಟೈಮ್ಸ್ ಆಫ್ ಇಂಡಿಯಾ’ ಕಚೇರಿಯ ಮುಂದೆ ಇಳಿದರು. ಅಲ್ಲಿ ಹಿಡಿದ ಕುಂಚವನ್ನು ಐವತ್ತು ವರ್ಷಕ್ಕೂ ಮೀರಿ ಕೆಳಗಿಡಲಿಲ್ಲ.

‘ಶ್ರೀಸಾಮಾನ್ಯ’ನ ಜನನವಾದದ್ದು ಸಮಯದ ಅಭಾವದಿಂದ. ದೇಶದ ಜನತೆಯನ್ನು ತೋರಿಸಲು ಮೊದಮೊದಲು ಲಕ್ಷ್ಮಣರು ಬಂಗಾಳಿ, ಪಂಜಾಬಿ, ಮದ್ರಾಸಿ ಎಂದು ಗುಂಪನ್ನೇ ಬರೆಯುತ್ತಿದ್ದರು. ಪತ್ರಿಕೆ ಅಚ್ಚಿಗೆ ಹೋಗುವ ವೇಳೆಗೆ ಗುಂಪು ಮುಗಿಯದು! ಒಬ್ಬೊಬ್ಬರನ್ನೇ ಕೈಬಿಡುತ್ತ ಬಂದು ಕಡೆಗೆ ಉಳಿದವನು ಈ ಮೌನಿ. 1951ರಲ್ಲಿ ಆರಂಭವಾದ ‘ಯೂ ಸೆಡ್ ಇಟ್’ ಅಂಕಣದಲ್ಲಿ ಮಾತೆಲ್ಲ ಅಧಿಕಾರಿಗಳದು, ಪುಢಾರಿಗಳದು. ಕೇಳಿಸಿಕೊಳ್ಳುವ ಭಾಗ್ಯ ಅವನದು. ದಾಂಡೇಲಿ, ಹಳಿಯಾಳ, ಮುಂಡಗೋಡ, ಇಂದು ಜೋಯಿಡಾ ಎನಿಸಿರುವ ಸೂಪಾ—ಈ ಕಾಡುಸೀಮೆಯೂ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲೇ ಇದ್ದಿತು. ಲಕ್ಷ್ಮಣರ ಕುಂಚಕ್ಕೆ ಸಿಕ್ಕ ಮುಂಬಯಿ ಮಂತ್ರಿಗಳು ಅಲ್ಲಿಯ ಕನ್ನಡಿಗರನ್ನೂ ಆಳುತ್ತಿದ್ದವರೇ.

1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಬಂದವು. ಈ ನಡುವೆ, 2003ರಲ್ಲಿ, ಲಕ್ವಾ ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ಬಲಗೈ ಉಳಿಯಿತು, ಚೇತರಿಸಿಕೊಂಡವರು ಮತ್ತೆ ಬರೆದರು. 2015ರ ಜನವರಿ 26ರಂದು, ದೇಶ ಗಣರಾಜ್ಯೋತ್ಸವದ ಸಡಗರದಲ್ಲಿದ್ದಾಗ, ಪುಣೆಯಲ್ಲಿ ಅವರು ಕೊನೆಯುಸಿರೆಳೆದರು. ಅದೇ ಊರಿನ ಸಿಂಬಯಾಸಿಸ್ ವಿದ್ಯಾಸಂಸ್ಥೆಯಲ್ಲಿ ಶ್ರೀಸಾಮಾನ್ಯ ಕಂಚಿನ ಪ್ರತಿಮೆಯಾಗಿ, ಎಂದಿನಂತೆ ಮಾತಿಲ್ಲದೆ, ನಿಂತಿದ್ದಾನೆ.