ಒಂದೇ ಕಂಪ್ಯೂಟರು, ಒಳಗೆ ಬೇರೆ ಕೋಣೆ: ಬೀಗದ ಕೈ ಯಾರಿಗೆ ಎಷ್ಟು?

ಕಾಲೇಜಿಗೆ ಹೋಗುವ ಮಗ ಬಂದು, “ಉಪ್ಪಾ, ಮನೆಯ ಲ್ಯಾಪ್‌ಟಾಪ್‌ನಲ್ಲಿ ಒಂದು ವರ್ಚುವಲ್ ಮೆಷಿನ್ ಹಾಕ್ತೇನೆ” ಅಂತ ಕೇಳಿದರೆ ಏನು ಹೇಳಬೇಕು? ನಮ್ಮಲ್ಲಿ ಹೆಚ್ಚಿನವರು, “ಇದ್ದದ್ದನ್ನು ಹಾಳು ಮಾಡ್ಬೇಡ” ಅಂತ ಹೇಳಿ ಸುಮ್ಮನಾಗುತ್ತೇವೆ. ಕೆಲವರು, “ನಿಂಗೆ ಗೊತ್ತುಂಟಲ್ಲ, ಮಾಡು” ಅಂತ ಪಾಸ್‌ವರ್ಡನ್ನೇ ಕೊಟ್ಟುಬಿಡುತ್ತೇವೆ. ಎರಡೂ ಸರಿಯಾದ ಉತ್ತರವಲ್ಲ. ಕಂಪ್ಯೂಟರ್ ಸೈನ್ಸ್, ಸೈಬರ್ ಸೆಕ್ಯುರಿಟಿ ಕಲಿಯುವ ಮಕ್ಕಳು ಇಂದು ನಮ್ಮ ಮನೆಗಳಲ್ಲಿ ಇದ್ದಾರೆ. ಅವರು ಕೇಳುತ್ತಿರುವುದು ಏನು ಎಂಬುದು ಹಿರಿಯರಿಗೂ, ಜಮಾಅತ್ ಕಮಿಟಿಯವರಿಗೂ ಸ್ವಲ್ಪ ತಿಳಿದಿರಬೇಕು.

ಯಾಕೆಂದರೆ ಈಗ ಎಷ್ಟೋ ಮಸೀದಿ, ಮದ್ರಸಗಳ ಆಫೀಸಿನಲ್ಲೂ ಒಂದು ಕಂಪ್ಯೂಟರ್ ಉಂಟು. ಅದರಲ್ಲಿ ನಿಕಾಹ್ ರಿಜಿಸ್ಟರಿನ ವಿವರ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಗೆ ತೆಗೆದುಕೊಂಡ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಫೋಟೊ ಎಲ್ಲ ಇರುತ್ತವೆ. ಎಲ್ಲಕ್ಕಿಂತ ನಾಜೂಕಿನದ್ದು ಝಕಾತ್ ಪಡೆಯುವ ಮನೆಗಳ ಪಟ್ಟಿ. ಅದು ಹೊರಗೆ ಬಿದ್ದರೆ ಹೋಗುವುದು ಹಣವಲ್ಲ, ಒಂದು ಕುಟುಂಬದ ಮರ್ಯಾದೆ. ಅದೇ ಕಂಪ್ಯೂಟರಿನಲ್ಲಿ ಹುಡುಗರು ಮೀಲಾದ್ ಕಾರ್ಯಕ್ರಮದ ಪೋಸ್ಟರ್ ಮಾಡುತ್ತಾರೆ, ಯಾರೋ ತಂದ ಪೆನ್‌ಡ್ರೈವ್ ಹಾಕುತ್ತಾರೆ, ಎಲ್ಲಿಂದಲೋ ಉಚಿತ ಸಾಫ್ಟ್‌ವೇರ್ ಇಳಿಸುತ್ತಾರೆ. ಎಲ್ಲವೂ ಒಂದೇ ಕೋಣೆಯಲ್ಲಿ, ಬಾಗಿಲಿಲ್ಲದೆ.

ವರ್ಚುವಲ್ ಮೆಷಿನ್ ಅಂದರೆ ಒಂದು ಕಂಪ್ಯೂಟರಿನ ಒಳಗೆ ಸಾಫ್ಟ್‌ವೇರಿನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್. ಅದಕ್ಕೆ ತನ್ನದೇ ಮೆಮೊರಿ, ತನ್ನದೇ ಡಿಸ್ಕ್, ತನ್ನದೇ ವಿಂಡೋಸ್ ಅಥವಾ ಲಿನಕ್ಸ್. ಒಳಗಿರುವವನಿಗೆ ತಾನಿರುವುದೇ ಪೂರ್ತಿ ಯಂತ್ರ ಅಂತ ಕಾಣುತ್ತದೆ. ಇದು ಹೊಸತೇನೂ ಅಲ್ಲ. ಐಬಿಎಂ ಕಂಪೆನಿ 1972ರಲ್ಲೇ ದೊಡ್ಡ ಯಂತ್ರಗಳಿಗೆ ವಿಎಂ/370 ಎಂಬುದನ್ನು ಹೊರತಂದಿತ್ತು. 2003ರಲ್ಲಿ ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ಡ್ ‘ಕ್ಯೂಎಮು’ ಎಂಬ ಉಚಿತ ತಂತ್ರಾಂಶ ಬರೆದರು. 2007ರಲ್ಲಿ ಲಿನಕ್ಸಿನ ಒಳಗೇ ‘ಕೆವಿಎಂ’ ಸೇರಿತು. ಇಂದು ನಾವು ಕ್ಲೌಡ್ ಅಂತ ಕರೆಯುವುದರಲ್ಲಿ ಬಹುಪಾಲು ಇಂಥ ಯಂತ್ರದೊಳಗಿನ ಯಂತ್ರಗಳೇ. ಒಂದೇ ಸರ್ವರಿನಲ್ಲಿ ಹತ್ತಾರು ಕಂಪೆನಿಗಳ ಲೆಕ್ಕ ಇದ್ದರೂ ಒಬ್ಬರದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ.

ಮದ್ರಸದಲ್ಲಿ ಕಲಿತವರಿಗೆ ಈ ವಿಚಾರ ಹೊಸತಾಗಿ ಕಾಣಲಿಕ್ಕಿಲ್ಲ. ಇನ್ನೊಬ್ಬರ ಮನೆಗೆ ಹೋಗುವಾಗ ಸಲಾಂ ಹೇಳಿ ಅನುಮತಿ ಕೇಳಬೇಕೆಂದು ಸೂರತು ನ್ನೂರ್ ಕಲಿಸುತ್ತದೆ. ಅಷ್ಟೇ ಅಲ್ಲ, ಒಂದೇ ಮನೆಯೊಳಗೆ ಸಣ್ಣ ಮಕ್ಕಳೂ ಸಹ ಫಜ್ರ್‌ಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಗೆ, ಇಶಾದ ನಂತರ ಹೀಗೆ ಮೂರು ಹೊತ್ತು ಹಿರಿಯರ ಕೋಣೆಗೆ ಕೇಳಿಯೇ ಹೋಗಬೇಕೆಂಬ ಪಾಠವೂ ಅಲ್ಲೇ ಉಂಟು. ಮನೆ ಒಂದೇ, ಪ್ರೀತಿಯೂ ಉಂಟು, ಆದರೂ ಕೋಣೆಗೆ ಮರೆ ಬೇಕು. ಮರೆ ಅಂದರೆ ಸಂಶಯ ಅಲ್ಲ, ಅದು ಅದಬು.

ಆದರೆ ಕೋಣೆ ಕಟ್ಟಿದರೆ ಸಾಲದು, ಅದಕ್ಕೆ ಹೊರದಾರಿಯೂ ಬೇಕು. ಇಂಟರ್ನೆಟ್ ಇಲ್ಲದ ಯಂತ್ರದಲ್ಲಿ ಮಕ್ಕಳು ಏನು ಕಲಿಯುವುದು? ತೊಡಕು ಶುರುವಾಗುವುದು ಇಲ್ಲೇ. ದಾರಿ ಕೊಡಲು ಎರಡು ಕ್ರಮ ಉಂಟು. ಒಂದು, ‘ಬ್ರಿಡ್ಜ್’. ಇದರಲ್ಲಿ ಒಳಗಿನ ಯಂತ್ರ ಮನೆಯ ವೈಫೈಗೆ ನೇರ ಸೇರಿ, ತನ್ನದೇ ವಿಳಾಸ ಪಡೆದು ಬೀದಿಗೆ ಬಂದು ನಿಲ್ಲುತ್ತದೆ. ಇದನ್ನು ಜೋಡಿಸಲು ಕಂಪ್ಯೂಟರಿನ ಯಜಮಾನಿಕೆ, ಅಂದರೆ ವಿಂಡೋಸಿನಲ್ಲಿ ಅಡ್ಮಿನಿಸ್ಟ್ರೇಟರ್, ಲಿನಕ್ಸಿನಲ್ಲಿ ‘ರೂಟ್’ ಅಧಿಕಾರ ಬೇಕು. ಎರಡನೆಯದು, ಸಾಮಾನ್ಯ ಬಳಕೆದಾರನ ಹಕ್ಕಿನಲ್ಲೇ ನಡೆಯುವ ಮಧ್ಯಸ್ಥನ ದಾರಿ.

ಎರಡನೆಯದು ತಿಳಿಯಬೇಕಾದರೆ ಗುಂಡ್ಲುಪೇಟೆ ತಾಲೂಕಿನ ತೆರಕಣಾಂಬಿಯ ಕಡೆ ನೋಡಿದರೆ ಸಾಕು. ಈ ಸುತ್ತಿನ ತರಕಾರಿ, ಬಾಳೆ ಘಟ್ಟ ಇಳಿದು ಕೇರಳಕ್ಕೆ ಹೋಗುತ್ತದೆ. ಬೆಳೆದ ರೈತ ಪ್ರತಿಸಲ ಕೋಝಿಕ್ಕೋಡಿಗೆ ಹೋಗಿ ಅಂಗಡಿ ಹಾಕುವುದಿಲ್ಲ. ಮಾಲನ್ನು ಮಂಡಿಗೆ ಕೊಡುತ್ತಾನೆ. ಮಂಡಿಯವರು ತಮ್ಮ ಬಿಲ್ಲಿನಲ್ಲಿ, ತಮ್ಮ ಹೆಸರಿನಲ್ಲಿ ಅದನ್ನು ಕಳಿಸುತ್ತಾರೆ. ಅಲ್ಲಿನ ಅಂಗಡಿಯವನಿಗೆ ಕಾಣುವುದು ಮಂಡಿ ಮಾತ್ರ. ಹಣ ಬಂದಾಗ ಇದು ಯಾರ ಮಾಲಿನದ್ದು ಅಂತ ಲೆಕ್ಕ ನೋಡಿ ರೈತನಿಗೆ ಮುಟ್ಟಿಸುವುದೂ ಮಂಡಿಯೇ. ಕಂಪ್ಯೂಟರಿನಲ್ಲೂ ಹೀಗೆಯೇ. ಒಳಗಿನ ಯಂತ್ರ ಕಳಿಸಿದ ಮಾಹಿತಿಯನ್ನು ಒಂದು ಸಣ್ಣ ಪ್ರೋಗ್ರಾಂ ತೆಗೆದುಕೊಂಡು, ತನ್ನ ಸ್ವಂತ ಸಂಪರ್ಕ ಎಂಬಂತೆ ಹೊರಗೆ ಕಳಿಸುತ್ತದೆ. ಉತ್ತರ ಬಂದರೆ ಒಳಗೆ ಕೊಡುತ್ತದೆ. ಈ ಪ್ರೋಗ್ರಾಂಗೆ ನಾವು ಬ್ರೌಸರ್ ತೆರೆಯುವಾಗ ಬೇಕಾಗುವಷ್ಟು ಹಕ್ಕು ಸಾಕು, ಯಜಮಾನಿಕೆ ಬೇಡ. ಹೊರಗಿನವನು ತಾನಾಗಿ ಒಳಗಿನ ಯಂತ್ರದ ಬಾಗಿಲು ತಟ್ಟಲಿಕ್ಕೂ ಆಗುವುದಿಲ್ಲ, ಅವನಿಗೆ ಅದರ ವಿಳಾಸವೇ ಇಲ್ಲ.

ಈ ಉಪಾಯ ಹುಟ್ಟಿದ್ದು ಬಡ ವಿದ್ಯಾರ್ಥಿಯ ಕಷ್ಟದಂಥ ಒಂದು ಕಷ್ಟದಿಂದ. ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿತು. ಆಗ ಕಡಿಮೆ ದರದ ‘ಶೆಲ್’ ಖಾತೆಯಲ್ಲಿ ಬರೀ ಅಕ್ಷರ ಮಾತ್ರ ಕಾಣುತ್ತಿತ್ತು, ಚಿತ್ರ ಸಮೇತ ಬೇಕಾದರೆ ಹೆಚ್ಚು ಹಣ. ಬೇರೆ ದೇಶಗಳ ವಿಶ್ವವಿದ್ಯಾಲಯಗಳಲ್ಲೂ ಇಂಥದ್ದೇ ಖಾತೆಗಳಿದ್ದವು. ಆ ಕಾಲದಲ್ಲೇ ಡ್ಯಾನಿ ಗ್ಯಾಸ್ಪರೊವ್ಸ್ಕಿ ಎಂಬವರು ‘ಸ್ಲರ್ಪ್’ ಬರೆದರು. ಯಜಮಾನನ ಹತ್ತಿರ ಹೆಚ್ಚಿನ ಹಕ್ಕು ಕೇಳದೆ, ಇದ್ದ ಸಾಮಾನ್ಯ ಖಾತೆಯಿಂದಲೇ ಪೂರ್ತಿ ಇಂಟರ್ನೆಟ್ ಸಂಪರ್ಕ ಸಿಗುವಂತೆ ಅದು ಮಾಡಿತು. ಮುಂದೆ ಕ್ಯೂಎಮು ಅದನ್ನೇ ತೆಗೆದುಕೊಂಡು ಒಳಗಿನ ಯಂತ್ರಗಳಿಗೆ ದಾರಿ ಮಾಡಿಕೊಟ್ಟಿತು.

ಹಾಗಾದರೆ ಎಲ್ಲ ಭದ್ರವೋ? ಇಲ್ಲ. ಗೋಡೆಗೂ ಬಿರುಕು ಬರುತ್ತದೆ, ಮಂಡಿಯವನೂ ಮೋಸ ಹೋಗುತ್ತಾನೆ. 2015ರ ಮೇ ತಿಂಗಳಲ್ಲಿ ‘ವೆನಮ್’ ಎಂಬ ದೋಷ ಬಯಲಾಯಿತು. ಅದು ಇದ್ದದ್ದು ಕ್ಯೂಎಮುವಿನ ಫ್ಲಾಪಿ ಡ್ರೈವ್ ನಡೆಸುವ ಭಾಗದಲ್ಲಿ. ಫ್ಲಾಪಿ ಯಾರೂ ಬಳಸದೆ ವರ್ಷಗಳಾಗಿದ್ದವು, ಆದರೂ 2004ರಿಂದ ಆ ಬಿರುಕು ಹಾಗೇ ಇತ್ತು. ಒಳಗಿನ ಯಂತ್ರದಲ್ಲಿರುವವನು ಅದರ ಮೂಲಕ ಗೋಡೆ ದಾಟಿ ಹೊರಗಿನ ಕಂಪ್ಯೂಟರಿಗೆ ಬರುವ ಅಪಾಯ ಇತ್ತು. 2019, 2020ರಲ್ಲಿ ಸ್ಲರ್ಪ್‌ನಲ್ಲೂ ಗಂಭೀರ ದೋಷಗಳು ಸಿಕ್ಕಿದವು. ಎಲ್ಲವನ್ನೂ ಸರಿಪಡಿಸಲಾಯಿತು, ಅಪ್‌ಡೇಟ್ ಹಾಕಿದವರು ಪಾರಾದರು.

ಯಜಮಾನಿಕೆ ಕೊಟ್ಟದ್ದು ಎಷ್ಟು ಎಂಬ ಪ್ರಶ್ನೆ ದೊಡ್ಡದಾಗುವುದು ಇಲ್ಲಿಯೇ. ಗೋಡೆ ದಾಟಿ ಬಂದವನ ಕೈಗೆ ಸಿಗುವುದು ಆ ಪ್ರೋಗ್ರಾಂ ಕೈಯಲ್ಲಿ ಯಾವ ಬೀಗದ ಕೈ ಇತ್ತೋ ಅದು. ರೂಟ್ ಅಧಿಕಾರದಲ್ಲಿ ಓಡುತ್ತಿದ್ದರೆ ಇಡೀ ಕಂಪ್ಯೂಟರ್ ಅವನದ್ದು. ಸಾಮಾನ್ಯ ಬಳಕೆದಾರನ ಹಕ್ಕಿನಲ್ಲಿದ್ದರೆ ಆ ಬಳಕೆದಾರ ಮುಟ್ಟಬಹುದಾದಷ್ಟು ಮಾತ್ರ. ಈಚೆಗೆ ರೆಡ್ ಹ್ಯಾಟ್ ಕಂಪೆನಿಯ ಸ್ಟೆಫಾನೊ ಬ್ರಿವಿಯೊ ಬರೆದ ‘ಪಾಸ್ಟ್’ ಎಂಬ ಮಧ್ಯಸ್ಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದು ಶುರುವಾದ ಕೂಡಲೇ ತನ್ನ ಕೈ ತಾನೇ ಕಟ್ಟಿಕೊಳ್ಳುತ್ತದೆ. ಕಡತಗಳು ತನಗೇ ಕಾಣದ ಹಾಗೆ ಮಾಡಿಕೊಳ್ಳುತ್ತದೆ. ರೂಟ್ ಆಗಿ ಶುರು ಮಾಡಿದರೂ ಆ ಅಧಿಕಾರ ಬಿಟ್ಟುಕೊಡುತ್ತದೆ. ಲಿನಕ್ಸಿನಲ್ಲಿ ವರ್ಚುವಲ್ ಮೆಷಿನ್ ನಡೆಸುವ ‘ಲಿಬ್‌ವರ್ಟ್’ 2023ರಿಂದ ಇದನ್ನು ಬಳಸಲು ಅವಕಾಶ ಕೊಟ್ಟಿದೆ.

ಇನ್ನೊಂದು ಮಾತು ಮರೆಯಬಾರದು. ಮಧ್ಯಸ್ಥನ ದಾರಿ ಹೊರಗಿನವರನ್ನು ತಡೆಯುತ್ತದೆ, ಒಳಗಿನವನು ಹೊರಗೆ ಹೋಗುವುದನ್ನು ಸಾಮಾನ್ಯವಾಗಿ ತಡೆಯುವುದಿಲ್ಲ. ಬಂಡೀಪುರದ ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗೆ ವಾಹನಗಳಿಗೆ ಬಂದ್. ಆ ಗೇಟು ಗುಂಡ್ಲುಪೇಟೆಯಿಂದ ಹೋಗುವವರಿಗೂ ಉಂಟು, ವಯನಾಡಿನಿಂದ ಬರುವವರಿಗೂ ಉಂಟು. ಕಾಡಿಗೆ ರಕ್ಷೆ ಸಿಗುವುದು ಎರಡೂ ಕಡೆ ಗೇಟು ಇದ್ದರೇ. ಕಂಪ್ಯೂಟರಿನಲ್ಲಿ ಎರಡನೇ ಗೇಟನ್ನು ನಾವೇ ಹಾಕಬೇಕು. ಇಲ್ಲದಿದ್ದರೆ ಒಳಗಿನ ಯಂತ್ರಕ್ಕೆ ಬಂದ ವೈರಸ್ ಅಲ್ಲಿಂದಲೇ ಮನೆಯ ಪ್ರಿಂಟರ್, ಕ್ಯಾಮೆರಾ, ಹೊರಗಿನ ಕಂಪ್ಯೂಟರಿನ ಬಾಗಿಲು ತಟ್ಟಬಹುದು.

ಹಾಗಾದರೆ ಮಗನಿಗೆ ಏನು ಹೇಳಬೇಕು? “ಹಾಕು, ಆದರೆ ಕ್ರಮ ಉಂಟು” ಅಂತ ಹೇಳಬೇಕು. ವಿಂಡೋಸಿನಲ್ಲಿ ‘ವರ್ಚುವಲ್ ಬಾಕ್ಸ್’ ಉಚಿತವಾಗಿ ಸಿಗುತ್ತದೆ. ಅದರಲ್ಲಿ ನೆಟ್‌ವರ್ಕ್ ಮೊದಲಿಂದಲೇ ‘ನ್ಯಾಟ್’ ಎಂಬ ಮಧ್ಯಸ್ಥನ ದಾರಿಯಲ್ಲಿ ಇರುತ್ತದೆ, ಕಾರಣವಿಲ್ಲದೆ ಬ್ರಿಡ್ಜ್‌ಗೆ ಬದಲಿಸುವುದು ಬೇಡ. ಹೊರಗಿನ ಫೋಲ್ಡರನ್ನು ಒಳಗಿನ ಯಂತ್ರಕ್ಕೆ ಹಂಚುವುದು ಬೇಡ. ಸಂಶಯದ ಫೈಲು ತೆರೆದು ನೋಡುವುದಾದರೆ ಆ ಹೊತ್ತಿಗೆ ನೆಟ್‌ವರ್ಕ್ ಪೂರ್ತಿ ಬಂದ್ ಮಾಡಬೇಕು. ವಿಂಡೋಸ್ ಪ್ರೊ ಇದ್ದವರಿಗೆ ‘ಸ್ಯಾಂಡ್‌ಬಾಕ್ಸ್’ ಕೂಡ ಉಂಟು, ಮುಚ್ಚಿದರೆ ಒಳಗಿನದ್ದೆಲ್ಲ ಅಳಿಸಿಹೋಗುತ್ತದೆ. ಆದರೆ ಅದರಲ್ಲಿ ಇಂಟರ್ನೆಟ್ ಮೊದಲೇ ತೆರೆದಿರುತ್ತದೆ, ನೆನಪಿರಲಿ. ಮಂಜೇಶ್ವರ, ಕಾಸರಗೋಡು ಕಡೆಯ ಸರಕಾರಿ ಶಾಲೆಗಳಲ್ಲಿ ಕೇರಳದ ‘ಕೈಟ್’ ಸಂಸ್ಥೆಯ ಲಿನಕ್ಸ್ ಬಳಸಿ ಕಲಿತ ಮಕ್ಕಳಿಗೆ ಕ್ಯೂಎಮು ಕಲಿಯುವುದೂ ಕಷ್ಟವಾಗಲಿಕ್ಕಿಲ್ಲ.

ಜಮಾಅತ್ ಕಮಿಟಿಗಳು ಮಾಡಬೇಕಾದ್ದು ಇನ್ನೂ ಸುಲಭ. ಲೆಕ್ಕಪತ್ರಕ್ಕೆ ಒಂದು ಬಳಕೆದಾರ ಖಾತೆ, ಹುಡುಗರ ಕೆಲಸಕ್ಕೆ ಬೇರೆ ಖಾತೆ. ವರ್ಚುವಲ್ ಮೆಷಿನ್ ಹಾಕುವುದಾದರೆ ಎರಡನೇ ಖಾತೆಯಲ್ಲೇ ಹಾಕಬೇಕು. ಒಂದೇ ಖಾತೆಯಲ್ಲಿ ಝಕಾತ್ ಪಟ್ಟಿಯೂ, ಪ್ರಯೋಗವೂ ಇದ್ದರೆ ರೂಟ್ ಅಧಿಕಾರ ಕೊಡದೆ ಇದ್ದೂ ಪ್ರಯೋಜನ ಕಡಿಮೆ, ಗೋಡೆ ದಾಟಿದವನಿಗೆ ಪಟ್ಟಿ ಅಲ್ಲೇ ಸಿಕ್ಕಿತಲ್ಲ. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಇಬ್ಬರು ಜವಾಬ್ದಾರರ ಹತ್ತಿರ ಮಾತ್ರ ಇರಲಿ, ಕಮಿಟಿ ಬದಲಾದ ದಿನವೇ ಅದೂ ಬದಲಾಗಲಿ. ಅಪ್‌ಡೇಟ್ ಬಂದರೆ “ನಾಳೆ” ಅಂತ ಮುಂದೂಡುವುದು ಬೇಡ.

ಅಮಾನತ್ ಅಂದರೆ ನಮ್ಮಲ್ಲಿ ಚಿನ್ನ, ಹಣ ಇಟ್ಟುಕೊಳ್ಳುವುದು ಅಂತ ಮಾತ್ರ ತಿಳಿದವರಿದ್ದಾರೆ. ಕಷ್ಟದಲ್ಲಿದ್ದ ಉಮ್ಮ ಒಬ್ಬಳು ನಂಬಿ ಬರೆಸಿದ ಹೆಸರೂ ಅಮಾನತೇ. ಅದನ್ನು ಕಾಯಲು ದೊಡ್ಡ ಖರ್ಚೇನೂ ಬೇಡ. ಯಾರಿಗೆ ಯಾವ ಕೆಲಸವೋ ಅಷ್ಟೇ ಬೀಗದ ಕೈ ಕೊಟ್ಟರೆ ಸಾಕು.